ಮದುಮಗನ ಔತಣ: ಯಾರಿಗಾಗಿ, ಎಲ್ಲಿ, ಹೇಗೆ?

ಮಾಘ ಮಾಸ ಬಂತೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರುಗಳಲ್ಲಿ ಲಗ್ನಗಳ ಕಾಲ. ಓಣಿಗೊಂದು ಹಂದರ, ಕಲ್ಯಾಣಮಂಟಪಕ್ಕೊಂದು ಮೆರವಣಿಗೆ. ಇದೇ ದಿನಗಳಲ್ಲಿ ಶುಕ್ರವಾರ ರಾತ್ರಿ ಬೆಂಗಳೂರಿನಿಂದಲೂ ಹೈದರಾಬಾದಿನಿಂದಲೂ ಹೊರಟ ಕಾರುಗಳು ಬೆಳಕು ಹರಿಯುವ ಹೊತ್ತಿಗೆ ತುಂಗಭದ್ರೆಯ ಎಡದಂಡೆಯನ್ನು ತಲುಪುತ್ತವೆ. ಅವುಗಳಲ್ಲಿ ಕೆಲವು ಕಾರುಗಳೊಳಗೆ ಇನ್ನು ಕೆಲವೇ ದಿನಗಳಲ್ಲಿ ಹಸೆಮಣೆ ಏರಲಿರುವ ಯುವಕನೊಬ್ಬನಿರುತ್ತಾನೆ. ಅವನ ಅವಿವಾಹಿತ ಜೀವನಕ್ಕೆ ವಿದಾಯ ಹೇಳಲು ಗೆಳೆಯರು ಏರ್ಪಡಿಸುವ ಈ ಕೂಟಕ್ಕೆ ‘ಬ್ಯಾಚುಲರ್ ಪಾರ್ಟಿ’ ಎಂದು ಹೆಸರು. ಮಹಾನಗರಗಳ ಈ ರೂಢಿ ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೌಕರನನ್ನೂ ಕಂಪ್ಲಿಯ ಭತ್ತದ ಗದ್ದೆಯ ಹುಡುಗನನ್ನೂ ತಲುಪಿದೆ. ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ಗೆಳೆಯರು ಕೇಳುವ ಮೊದಲ ಪ್ರಶ್ನೆ, ಪಾರ್ಟಿ ಎಲ್ಲಿ ಎಂಬುದು.

ಪರಿಸರದ ಪತ್ರಿಕೆಗೂ ಇಂಥ ಔತಣಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ. ಔತಣ ನಡೆಯುವುದು ಬಂಡೆಗಳ ನಡುವೆ, ಹೊಳೆಯ ದಂಡೆಯಲ್ಲಿ, ಕರಡಿಗಳು ಓಡಾಡುವ ಗುಡ್ಡಗಳ ಬುಡದಲ್ಲಿ. ಅಲ್ಲಿ ಒಡೆದ ಬಾಟಲಿಯ ಚೂರು ಮದುವೆಯ ಹಂದರ ತೆಗೆದ ಮೇಲೂ ಅಲ್ಲೇ ಉಳಿಯುತ್ತದೆ. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ಈ ಔತಣಗಳಲ್ಲಿ ಎರಡು ಕಡೆ ಅನ್ಯಾಯವಾಗುತ್ತಿದೆ: ಒಂದು ಸ್ಥಳಕ್ಕೆ, ಇನ್ನೊಂದು ಮದುಮಗನಿಗೆ. ಇವೆರಡರ ಬೇರೂ ಒಂದೇ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ಮದುಮಗನಿಗೆ ಏನು ಬೇಕೆಂದು ಕೇಳದವರು ಗುಡ್ಡಕ್ಕೆ ಏನು ಸಹನೀಯವೆಂದೂ ಕೇಳುವುದಿಲ್ಲ.

ಕೇಳದೆ ನಡೆಯುವ ಏರ್ಪಾಡು

ಸಾಮಾನ್ಯವಾಗಿ ನಡೆಯುವ ಕ್ರಮ ಹೀಗೆ. ಬಳಗದಲ್ಲಿ ಗಟ್ಟಿ ದನಿಯ ಒಬ್ಬಿಬ್ಬರು ಸ್ಥಳ ನಿಶ್ಚಯಿಸುತ್ತಾರೆ, ವಸತಿ ಗೊತ್ತುಮಾಡುತ್ತಾರೆ, ತಲೆಗೆ ಇಷ್ಟೆಂದು ಹಣ ಹಾಕುತ್ತಾರೆ. ಮದುಮಗನಿಗೆ ತಿಳಿಯುವುದು ಕೊನೆಗೆ. ಅದನ್ನು ‘ಸರ್ಪ್ರೈಸ್’ ಎನ್ನುತ್ತಾರೆ. ಅವನು ಕುಡಿಯದವನಾಗಿದ್ದರೆ ಕುಡಿಸುವುದೇ ಆಟವಾಗುತ್ತದೆ. ಸಂಕೋಚದ ಸ್ವಭಾವದವನಾದರೆ ಅವನನ್ನು ಕುಣಿಸಿ ಮೊಬೈಲಿನಲ್ಲಿ ಚಿತ್ರೀಕರಿಸುವುದು ಸಂಭ್ರಮವೆನಿಸುತ್ತದೆ. ಮದುವೆಯ ಖರ್ಚಿಗೆ ಆಗಲೇ ಸಾಲ ಮಾಡಿದವನಾದರೆ ಇನ್ನಷ್ಟು ಸಾಲ. ಬಳಗದಲ್ಲಿ ಕಡಿಮೆ ಸಂಬಳದ ಗೆಳೆಯನಿದ್ದರೆ ಅವನು ಏನಾದರೊಂದು ನೆಪ ಹೇಳಿ ದೂರ ಉಳಿಯುತ್ತಾನೆ. ಮದುಮಗನಿಗೆ ಬಾಲ್ಯದಿಂದ ಹತ್ತಿರದವನು ಬಹುಶಃ ಅವನೇ ಆಗಿರುತ್ತಾನೆ. ಹೀಗೆ ಮದುಮಗನ ಹೆಸರಿನ ಕೂಟದಲ್ಲಿ ಮದುಮಗನ ಇಚ್ಛೆಯೊಂದನ್ನು ಬಿಟ್ಟು ಉಳಿದವರೆಲ್ಲರ ಇಚ್ಛೆಯೂ ನೆರವೇರುತ್ತದೆ.

ಈ ನಾಡಿನ ಮದುವೆಗಳಲ್ಲಿ ಗೆಳೆಯರಿಗೆ ಸ್ಥಾನವಿರಲಿಲ್ಲವೆಂದಲ್ಲ. ಹಂದರಕ್ಕೆ ಗಳ ನೆಡುವುದು, ತಳಿರು ತೋರಣ ಕಟ್ಟುವುದು, ಬಂದ ಬೀಗರಿಗೆ ನೀರು ಕೊಡುವುದು, ಪಂಕ್ತಿಯಲ್ಲಿ ಬಡಿಸುವುದು ಎಲ್ಲವೂ ಓರಗೆಯ ಹುಡುಗರದೇ ಕೆಲಸ. ಕುಂಬಾರರ ಮನೆಯಿಂದ ಐರಾಣಿ ತಂದು, ಸುರಗಿ ಸುತ್ತಿ, ಅರಿಶಿನ ಹಚ್ಚಿದ ಮೇಲೆ ಮದುಮಗ ಊರ ಸೀಮೆ ದಾಟಬಾರದೆಂಬ ಕಟ್ಟಳೆ ಅನೇಕ ಮನೆತನಗಳಲ್ಲಿ ಇಂದಿಗೂ ಇದೆ. ಹೊಳೆ, ಕೆರೆ, ಕಾಡುಗಳಿಗೆ ಅವನನ್ನು ಒಬ್ಬನೇ ಕಳಿಸುವುದಿಲ್ಲ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಅದರ ಹಿಂದಿದ್ದ ಕಾಳಜಿಯನ್ನು ತಳ್ಳಿಹಾಕುವುದು ಸುಲಭವಲ್ಲ: ಈ ಕೆಲವು ದಿನಗಳ ಮಟ್ಟಿಗೆ ಅವನು ಎರಡು ಮನೆಗಳಿಗೆ ಸೇರಿದವನು, ಅವನ ಮೈಗೆ ಪೆಟ್ಟಾಗದಂತೆ ನೋಡಿಕೊಳ್ಳುವುದು ಜೊತೆಯವರ ಹೊಣೆ. ಗೆಳೆಯರ ಬಳಗವೆಂದರೆ ಅವನ ಕಾವಲು. ಬ್ರಾಹ್ಮಣರ ಮದುವೆಗಳ ಕಾಶಿಯಾತ್ರೆಯಲ್ಲಂತೂ ಬ್ರಹ್ಮಚರ್ಯಕ್ಕೆ ವಿದಾಯ ಹೇಳುವ ಸನ್ನಿವೇಶವೇ ನಗೆಯಾಟವಾಗಿ ನಡೆಯುತ್ತದೆ. ಕೊಡೆ ಹಿಡಿದು ಹೊರಟ ವರನನ್ನು ಹೆಣ್ಣಿನ ಕಡೆಯವರು ಒಲಿಸಿ ಕರೆತರುತ್ತಾರೆ. ವಿದಾಯದ ವಿನೋದ ಹೊಸದಲ್ಲ. ಮದುಮಗನನ್ನು ಅಪಾಯಕ್ಕೆ ಒಯ್ಯುವುದು ಮಾತ್ರ ಹೊಸದು.

ಅದಿರಿನ ಕಾಲದ ಅದ್ದೂರಿ

ಈ ಸೀಮೆಯಲ್ಲಿ ಸಂಭ್ರಮದ ಅಳತೆಗೋಲು ಬದಲಾದದ್ದು ಯಾವಾಗ ಎಂಬುದನ್ನು ನೆನೆಯಬೇಕು. 2003ರ ನಂತರ ಕಬ್ಬಿಣದ ಅದಿರಿನ ಬೆಲೆ ಏರತೊಡಗಿದಾಗ ಸಂಡೂರಿನ ಬೆಟ್ಟಗಳಿಂದ ಇಳಿದ ಕೆಂಪು ಧೂಳು ಹೊಸಪೇಟೆಯ ರಸ್ತೆಗಳನ್ನೆಲ್ಲ ಆವರಿಸಿತು. ಧೂಳಿನೊಂದಿಗೆ ಹಣವೂ ಇಳಿಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಹೊರಬಂತು. ಅದೇ ತಿಂಗಳು ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿಗಳು ನಿಂತವು. ಆದರೆ ಆ ವರ್ಷಗಳು ಕಲಿಸಿದ ಅದ್ದೂರಿಯ ಪಾಠ ನಿಲ್ಲಲಿಲ್ಲ. 2016ರ ನವೆಂಬರಿನಲ್ಲಿ, ನೋಟು ರದ್ದತಿಯಾಗಿ ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿದ್ದ ದಿನಗಳಲ್ಲೇ, ಬಳ್ಳಾರಿಯ ಗಣಿ ಉದ್ಯಮಿಯೂ ಮಾಜಿ ಸಚಿವರೂ ಆದವರೊಬ್ಬರ ಮಗಳ ಮದುವೆಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಂಪಿಯ ದೇಗುಲಗಳ ಪ್ರತಿಕೃತಿಗಳೇ ಎದ್ದುನಿಂತವು. ಹಂಪಿಯೆಂದರೆ ಸಂಭ್ರಮಕ್ಕೊಂದು ಹಿನ್ನೆಲೆಯ ಪರದೆ ಎಂಬ ಭಾವನೆ ಅಂದು ನಾಡಿಗೆಲ್ಲ ಕಾಣುವಂತೆ ಮೂಡಿತು. ಅಷ್ಟು ಹಣವಿಲ್ಲದವರು ಸೆಟ್ಟು ಹಾಕಿಸುವುದಿಲ್ಲ. ನಿಜವಾದ ಹಂಪಿಗೇ ಬಂದು ಅದನ್ನೇ ಪರದೆಯಂತೆ ಬಳಸುತ್ತಾರೆ.

ಅದರ ಫಲವೂ ಕಂಡಿದೆ. 2019ರ ಆರಂಭದಲ್ಲಿ ಕೆಲವು ಯುವಕರು ಹಂಪಿಯ ವಿಷ್ಣು ದೇಗುಲದ ಆವರಣದ ಕಲ್ಲುಕಂಬವೊಂದನ್ನು ತಳ್ಳಿ ಬೀಳಿಸುವ ದೃಶ್ಯ ದೇಶವೆಲ್ಲ ಹರಡಿತು. ಹೊಸಪೇಟೆಯ ನ್ಯಾಯಾಲಯ ಅವರಲ್ಲಿ ಪ್ರತಿಯೊಬ್ಬರಿಗೂ 70,000 ರೂಪಾಯಿ ದಂಡ ವಿಧಿಸಿತು. ಬಿದ್ದ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಲಾಯಿತು. ಅವರದು ಮದುವೆಯ ಕೂಟವಾಗಿರಲಿಲ್ಲ. ಆದರೆ ಕಂಬವನ್ನು ತಳ್ಳಿದ್ದು ಕ್ಯಾಮೆರಾದ ಮುಂದೆ, ಜೊತೆಗಾರರ ನಡುವೆ. ಒಬ್ಬೊಬ್ಬರಾಗಿದ್ದಾಗ ಯಾರೂ ಮಾಡದ ಕೆಲಸವನ್ನು ಗುಂಪು ಮಾಡಿಸುತ್ತದೆ.

ಕಟ್ಟಡ ಕೆಡವಿದರೂ ರೂಢಿ ಉಳಿಯಿತು

ಕಾನೂನಿನಿಂದಲೇ ಇದನ್ನೆಲ್ಲ ಸರಿಪಡಿಸಬಹುದೆಂದು ನಂಬುವವರು ವಿರೂಪಾಪುರಗಡ್ಡೆಯ ಕಥೆಯನ್ನು ನೋಡಬೇಕು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಂಚಿನ ತಾಣಗಳ ಪಟ್ಟಿಗೆ ಇಳಿದು 2006ರಲ್ಲಿ ಅದರಿಂದ ಹೊರಬಂತು. ನಡುವೆ, 2002ರಲ್ಲಿ, ಅದರ ರಕ್ಷಣೆಗೆಂದೇ ಪ್ರಾಧಿಕಾರವೊಂದನ್ನು ರಚಿಸುವ ಕಾಯ್ದೆಯಾಯಿತು. ಇಷ್ಟಿದ್ದರೂ ಹೊಳೆಯಾಚೆಯ ಗಡ್ಡೆಯಲ್ಲಿ ರೆಸಾರ್ಟುಗಳು ತಲೆಯೆತ್ತಿದವು. 2015ರಲ್ಲಿ ಹೈಕೋರ್ಟು ಅವುಗಳ ವಿರುದ್ಧ ತೀರ್ಪಿತ್ತಿತು, 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಕಟ್ಟಡಗಳು ನೆಲಸಮವಾದವು. ಅದು ಆಗಬೇಕಾದದ್ದೇ. ಆದರೆ ಅಲ್ಲಿಗೆ ಬರುತ್ತಿದ್ದ ಕೂಟಗಳು ಕರಗಲಿಲ್ಲ. ಸಾಣಾಪುರ, ಹನುಮನಹಳ್ಳಿ, ಆನೆಗುಂದಿಯ ಕಡೆಗೆ ಸರಿದವು. ಬುಲ್ಡೋಜರು ಕಟ್ಟಡವನ್ನು ಕೆಡವಬಲ್ಲದು. ಹೀಗೆಯೇ ಸಂಭ್ರಮಿಸಬೇಕೆಂಬ ರೂಢಿಯನ್ನು ಕೆಡವಲು ಅದಕ್ಕೆ ಬರುವುದಿಲ್ಲ. ರೂಢಿಯನ್ನು ಬದಲಿಸುವುದು ಇನ್ನೊಂದು ರೂಢಿ ಮಾತ್ರ.

ಇಲ್ಲಿ ಪರಿಸರ ಚಳವಳಿಯ ಕೊರತೆಯನ್ನೂ ಹೇಳಬೇಕಾಗುತ್ತದೆ. ಯಾವುದು ಬೇಡವೆಂದು ಅದು ಸ್ಪಷ್ಟವಾಗಿ ಹೇಳುತ್ತ ಬಂದಿದೆ. ಇಪ್ಪತ್ತೈದು ವರ್ಷದ ಹುಡುಗನೊಬ್ಬ ತನ್ನ ಗೆಳೆಯನ ಮದುವೆಯ ಮುನ್ನ ಸಂತೋಷಪಡುವುದು ಹೇಗೆಂದು ಕೇಳಿದರೆ ಅದರ ಬಳಿ ಸಿದ್ಧ ಉತ್ತರವಿಲ್ಲ.

ರಾತ್ರಿ ಯಾರದು?

ಉತ್ತರ ಹುಡುಕುವ ಮೊದಲು ಔತಣ ನಡೆಯುವ ನೆಲದಲ್ಲಿ ಇನ್ನಾರು ವಾಸಿಸುತ್ತಾರೆಂದು ತಿಳಿಯಬೇಕು. ಕಮಲಾಪುರದ ಬಳಿಯ ದರೋಜಿ ಕರಡಿಧಾಮ 1994ರಲ್ಲಿ ಘೋಷಿತವಾದದ್ದು, ವಿಸ್ತೀರ್ಣ 82.72 ಚದರ ಕಿಲೋಮೀಟರು. ಕರಡಿಗಳಿಗೆ ಧಾಮದ ಗಡಿ ತಿಳಿಯದು. ಹಂಪಿ, ಸಂಡೂರುಗಳ ಸುತ್ತಣ ಬಂಡೆಗುಡ್ಡಗಳಲ್ಲೆಲ್ಲ ಅವು ಹಗಲು ಗವಿಗಳಲ್ಲಿ ಮಲಗಿ, ಹೊತ್ತು ಮುಳುಗುವಾಗ ಗೆದ್ದಲು, ಜೇನು, ಕಾಡುಹಣ್ಣುಗಳನ್ನರಸಿ ಹೊರಡುತ್ತವೆ. ಔತಣದ ಬೆಂಕಿ ಹೊತ್ತಿಸುವುದು ಸರಿಯಾಗಿ ಆ ಹೊತ್ತಿಗೇ. ಗದ್ದಲಕ್ಕೆ ಬೆದರಿದ ಕರಡಿ ಹೊಲಗಳತ್ತ ತಿರುಗಿದರೆ ಬೆಳಿಗ್ಗೆ ಅದಕ್ಕೆ ಎದುರಾಗುವವನು ನೀರು ಕಟ್ಟಲು ಹೋದ ರೈತ. ಉಳಿದ ಅನ್ನ, ಮಾಂಸದ ವಾಸನೆ ಹಿಡಿದು ಬರುವ ಪ್ರಾಣಿಗಳಿಗೂ ಜನವಸತಿಯ ರುಚಿ ಹತ್ತುತ್ತದೆ.

ಹೊಳೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು ಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಬಂಡೆಗಳ ಸಂದುಗಳಲ್ಲಿ, ಜೊಂಡಿನ ಮರೆಯಲ್ಲಿ ಮರಿ ಸಾಕುವ ಈ ಪ್ರಾಣಿಗಳು ಮೀನು ತಿಂದು ಬದುಕುವಂಥವು, ಗುಂಪಿನಲ್ಲಿ ಕಳೆಯುವಂಥವು. ಔತಣದವರು ಆರಿಸಿಕೊಳ್ಳುವ ಚೆಂದದ ನಡುಗಡ್ಡೆ, ನಯವಾದ ಬಂಡೆ ಅನೇಕ ವೇಳೆ ಅವುಗಳ ಮನೆಯಂಗಳ.

ನದಿಯ ಸ್ವಭಾವವನ್ನೂ ಹೇಳಬೇಕು. ಅಣೆಕಟ್ಟಿನ ಕೆಳಗಿನ ತುಂಗಭದ್ರೆ ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಒಳಸೆಳವುಗಳಿವೆ, ಸುಳಿಗಳಿವೆ. ಬಿಡುವ ನೀರಿಗನುಗುಣವಾಗಿ ಹರಿವು ಏರಿಳಿಯುತ್ತದೆ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಧುಮುಕಿದ ಯುವ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಕುಡಿದವರಿರಲಿ, ಈಜು ಬಲ್ಲವರಿಗೂ ಈ ನೀರು ಕ್ಷಮೆ ತೋರುವುದಿಲ್ಲ. ಹರಿಗೋಲು ನಡೆಸುವ ಅಂಬಿಗರು ಯಾವ ದಿನ ಎಲ್ಲಿ ಇಳಿಯಬಾರದೆಂದು ಬಲ್ಲರು. ಆದರೆ ಔತಣದ ಗುಂಪು ಅವರನ್ನು ಕರೆಯುವುದು ಹರಿಗೋಲನ್ನು ಗರಗರ ತಿರುಗಿಸಲು; ಅವರ ಮಾತು ಕೇಳಲು ಕರೆಯುವವರು ವಿರಳ. ನಾಳೆ ಬಾಸಿಂಗ ಕಟ್ಟಬೇಕಾದ ಹಣೆಯನ್ನು ಒಯ್ಯುವ ಮುನ್ನ ಗೆಳೆಯರು ಇದಿಷ್ಟನ್ನು ಯೋಚಿಸಬೇಕು.

ಮದುಮಗನಿಗೆ ಹೊಂದುವ ಔತಣ

ಹಾಗಾದರೆ ಔತಣವೇ ಬೇಡವೇ? ಬೇಕು. ಮದುವೆಯ ಮುನ್ನ ಗೆಳೆಯರೊಂದಿಗೆ ಕಳೆಯುವ ಒಂದು ಹಗಲು, ಒಂದು ಇರುಳು ಬದುಕಿನುದ್ದಕ್ಕೂ ನೆನಪಿಗೆ ಬರುವಂಥದು. ಅದನ್ನು ಮದುಮಗನಿಂದ ಆರಂಭಿಸಿ ಯೋಜಿಸಬೇಕು, ಅಷ್ಟೆ. ಅವನಿಗೆ ಏನಿಷ್ಟ, ಯಾವುದಕ್ಕೆ ಮುಜುಗರ, ಯಾರು ಇರಲೇಬೇಕು, ಯಾವ ದಿನ ಅನುಕೂಲ: ಈ ನಾಲ್ಕನ್ನು ಅವನನ್ನೇ ಕೇಳಿ, ಆಮೇಲೆ ಸ್ಥಳ ಗೊತ್ತುಮಾಡಬೇಕು. ಸ್ಥಳ ಮೊದಲು ಗೊತ್ತಾದರೆ ಮದುಮಗ ಅದಕ್ಕೆ ಹೊಂದಿಕೊಳ್ಳಬೇಕಾಗುತ್ತದೆ.

ಕ್ರಿಕೆಟ್ಟಿನ ಹುಚ್ಚಿನವನಾದರೆ ಊರ ಮೈದಾನದಲ್ಲಿ ಹಗಲಿಡೀ ಆಟ, ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ; ಅಲ್ಲಿ ಎಷ್ಟು ಕೂಗಾಡಿದರೂ ಕರಡಿಗೆ ತೊಂದರೆಯಿಲ್ಲ. ಪಾಳಿಯ ಕೆಲಸ ಮಾಡಿ ದಣಿದವನಾದರೆ ಆನೆಗುಂದಿಯ ಮನೆಯೊಂದರ ಅಂಗಳದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಊಟ, ಕಣ್ತುಂಬ ನಿದ್ದೆ, ಬೆಳಗಿನ ಜಾವ ಮಾತಂಗ ಪರ್ವತದ ಮೇಲೆ ಸೂರ್ಯೋದಯ. ಹಕ್ಕಿ ನೋಡುವ ಆಸಕ್ತಿಯುಳ್ಳವನಾದರೆ ಸಂಜೆ ದರೋಜಿಯ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕೂರಬಹುದು. ಕರಡಿ ಕಂಡೀತು, ಹಳದಿ ಕೊರಳಿನ ಪಿಕಳಾರವೂ ಕಂಡೀತು. ಕಲೆಯ ಒಲವಿದ್ದವನಿಗೆ ಬಳ್ಳಾರಿ, ಕೊಪ್ಪಳ ಸೀಮೆಯ ತೊಗಲುಗೊಂಬೆಯ ಮೇಳವನ್ನು ಕರೆಸಿ ಮನೆಯ ಮುಂದೆ ಆಟವಾಡಿಸಬಹುದು. ಒಂದು ರಾತ್ರಿಯ ಮದ್ಯಕ್ಕೆ ಸುರಿಯುವ ಹಣ ಆ ಮನೆಗಳಲ್ಲಿ ಹಲವು ದಿನದ ಅನ್ನವಾಗುತ್ತದೆ. ಒಕ್ಕಲುತನದ ಮನೆಯವನಾದರೆ ಗೆಳೆಯರೆಲ್ಲ ಎರಡು ದಿನ ಮೊದಲೇ ಬಂದು ಹಂದರ ಹಾಕಲಿ, ರಾತ್ರಿ ಅದೇ ಹಂದರದ ಕೆಳಗೆ ಹರಟೆ ಹೊಡೆಯಲಿ. ಬಳಗದವರು ಕಾಣಿಕೆ ಕೊಡಬೇಕೆಂದಿದ್ದರೆ ಭೌಗೋಳಿಕ ಗುರುತು ಪಡೆದ ಸಂಡೂರಿನ ಲಂಬಾಣಿ ಕಸೂತಿಯುಂಟು, ಆನೆಗುಂದಿಯ ಹೆಣ್ಣುಮಕ್ಕಳು ಬಾಳೆನಾರಿನಿಂದ ಹೆಣೆದ ಚೀಲಗಳುಂಟು.

ಖರ್ಚಿನ ವಿಷಯದಲ್ಲಿ ಹಳೆಯ ಮುಯ್ಯಿಯ ಪದ್ಧತಿಯಿಂದ ಕಲಿಯಲಿಕ್ಕಿದೆ. ಮುಯ್ಯಿಯಲ್ಲಿ ಅವರವರ ಶಕ್ತಿಯಿದ್ದಷ್ಟು ಕೊಡುತ್ತಾರೆ. ತಲೆಗಿಷ್ಟು ಎಂಬ ಲೆಕ್ಕವಿಲ್ಲ. ಬಳಗದಲ್ಲಿ ಅತಿ ಕಡಿಮೆ ಗಳಿಸುವವನಿಗೆ ಎಷ್ಟು ಸಾಧ್ಯವೋ ಅದನ್ನೇ ಮಿತಿಯಾಗಿಟ್ಟುಕೊಂಡು ಯೋಜನೆ ಮಾಡಿದರೆ ಯಾರೂ ನೆಪ ಹೇಳಿ ಉಳಿಯಬೇಕಾಗಿಲ್ಲ. ಕುಡಿತದ ಪ್ರಶ್ನೆಯಲ್ಲಿ ಮದುಮಗನ ಮಾತೇ ಕೊನೆಯದಾಗಲಿ. ಕುಡಿದವರು ಹೊಳೆಗಿಳಿಯದಿರಲಿ, ಬಂಡೆ ಹತ್ತದಿರಲಿ, ವಾಹನ ಮುಟ್ಟದಿರಲಿ. ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಹೊರಟು ಬೆಳಿಗ್ಗೆ ಹೊಸಪೇಟೆ ಮುಟ್ಟಿಸುವ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ದೇಶದಲ್ಲಿದೆ. ಗುಡ್ಡದ ಬುಡದಲ್ಲಿ ಹಗಲಿನಲ್ಲೂ ಅದು ಬೇಡ. ಬೆಂಕಿ ಹಾಕುವುದಿದ್ದರೆ ಮನೆಯಂಗಳದಲ್ಲಿ, ಒಣಹುಲ್ಲಿನ ಗುಡ್ಡದಲ್ಲಿ ಎಂದೂ ಅಲ್ಲ. ಊಟಕ್ಕೆ ಬಾಳೆ ಎಲೆ ಸಾಕು. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರುಂಡು ಬೆಳೆದ ಬಾಳೆಯ ತೋಟಗಳು ಈ ಊರುಗಳ ಸುತ್ತ ಇಂದಿಗೂ ಇವೆ. ತಂದದ್ದನ್ನೆಲ್ಲ ತಿರುಗಿ ಒಯ್ಯುವ ಹೊಣೆಯನ್ನು ಒಬ್ಬ ಗೆಳೆಯನಿಗೆ ಹೆಸರು ಹಿಡಿದು ಒಪ್ಪಿಸಿರಬೇಕು. ಎಲ್ಲರ ಹೊಣೆ ಎಂದರೆ ಯಾರದೂ ಅಲ್ಲ.

ಎರಡು ಆಕ್ಷೇಪಗಳು

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಂಭೀರವಾದವು. ಮೊದಲನೆಯದು ಜೀವನೋಪಾಯದ್ದು. ಔತಣದ ಗುಂಪುಗಳು ಬಾರದಿದ್ದರೆ ಹರಿಗೋಲಿನವರು, ಆಟೋ ಚಾಲಕರು, ಮನೆವಸತಿ ನಡೆಸುವವರು ಏನು ಮಾಡಬೇಕು? ಬರಬಾರದೆಂದು ಯಾರೂ ಹೇಳುತ್ತಿಲ್ಲ. ಪಟ್ಟಣದಿಂದಲೇ ಮದ್ಯ, ತಿಂಡಿ, ಸಂಗೀತದ ಪೆಟ್ಟಿಗೆ ತಂದು ಬಂಡೆಯ ಮೇಲೆ ಇಳಿಸುವ ಗುಂಪಿನಿಂದ ಊರವರಿಗೆ ದೊರಕುವುದು ಗುಡಿಸುವ ಕೆಲಸ. ಅಂಗಳದಲ್ಲಿ ಉಂಡು, ಸೈಕಲ್ಲು ಬಾಡಿಗೆಗೆ ಪಡೆದು, ಮಾರ್ಗದರ್ಶಿಯೊಂದಿಗೆ ಅಡ್ಡಾಡುವ ಗುಂಪಿನ ಹಣ ಊರಲ್ಲೇ ಉಳಿಯುತ್ತದೆ.

ಎರಡನೆಯದು ಇನ್ನೂ ತೀಕ್ಷ್ಣವಾದದ್ದು. ಬೆಟ್ಟಕ್ಕೆ ಬೆಟ್ಟವನ್ನೇ ಲಾರಿಗೆ ತುಂಬಿ ಸಾಗಿಸಿದ ಸೀಮೆಯಲ್ಲಿ ನಾಲ್ಕು ಹುಡುಗರ ಬಾಟಲಿಗಳನ್ನು ಎಣಿಸುವುದೇ? ಈ ಮಾತಿನಲ್ಲಿ ನ್ಯಾಯವಿದೆ. ಗಣಿಯ ಗಾಯಕ್ಕೂ ಔತಣದ ಗೀರಿಗೂ ಹೋಲಿಕೆಯೇ ಇಲ್ಲ. ಹುಡುಗರನ್ನು ಬೈದು ದೊಡ್ಡವರನ್ನು ಬಿಡುವ ಪರಿಸರಪ್ರಜ್ಞೆ ಪೊಳ್ಳು. ಆದರೆ ಬೆಟ್ಟವನ್ನು ಉಳಿಸಲು ಜನ ಬೇಕು. 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದ ಗಣಿ ಪ್ರಸ್ತಾವ ಮತ್ತೆ ವಿವಾದಕ್ಕೆ ಬಂದಾಗ ದನಿಯೆತ್ತಿದವರು ಆ ಬೆಟ್ಟವನ್ನು ಹತ್ತಿ ಬಲ್ಲವರು, ಅದರ ಹಳ್ಳದ ನೀರು ಕುಡಿದವರು. ಮುಂದಿನ ಹೋರಾಟಕ್ಕೆ ಬೇಕಾದವರು ಇಂದಿನ ಇಪ್ಪತ್ತೈದರ ಹುಡುಗರೇ. ಅವರಲ್ಲಿ ಅನೇಕರಿಗೆ ಗುಡ್ಡದೊಂದಿಗೆ ಆಗುವ ಮೊದಲ ಪರಿಚಯ ಗೆಳೆಯನ ಮದುವೆಯ ನೆಪದ ಆ ಒಂದು ರಾತ್ರಿ. ಆ ರಾತ್ರಿ ಗುಡ್ಡ ಅವರಿಗೆ ಕೇವಲ ಕತ್ತಲೆಯ ಗೋಡೆಯಾಗಿ ಕಂಡರೆ, ನಾಳೆ ಅದು ಕರಗಿದಾಗ ಕಳೆದುಕೊಂಡದ್ದು ಏನೆಂದು ಅವರಿಗೆ ತಿಳಿಯುವುದಾದರೂ ಹೇಗೆ?

ಆದ್ದರಿಂದ ಪರಿಸರ ಸಂಘಟನೆಗಳು ಲಗ್ನದ ಋತುವಿನ ಮುನ್ನವೇ ಕಾಲೇಜುಗಳಿಗೂ ಯುವಕ ಮಂಡಳಿಗಳಿಗೂ ಹೋಗಿ, ಮದುವೆಯಾಗಲಿರುವವರ ಗೆಳೆಯರೊಂದಿಗೆ ಮಾತಾಡಬೇಕು. ಅಂಬಿಗರ, ಮಾರ್ಗದರ್ಶಿಗಳ, ಮನೆವಸತಿಯವರ ಪಟ್ಟಿಯನ್ನು ಅವರ ಕೈಗಿಡಬೇಕು. ನಿಷೇಧದ ಫಲಕಗಳ ಜೊತೆಗೆ ಆಮಂತ್ರಣವೂ ಇರಲಿ.

ಗೆಳೆಯರ ಕೆಲಸ ಅದಕ್ಕಿಂತ ಸರಳ. ಕಾರು ಗೊತ್ತುಮಾಡುವ ಮುನ್ನ ಮದುಮಗನ ಪಕ್ಕದಲ್ಲಿ ಕುಳಿತು, ನಿನಗೆ ಹೇಗಿದ್ದರೆ ಚೆಂದ ಎಂದು ಒಮ್ಮೆ ಕೇಳುವುದು. ಅವನಿಗೆ ಬೇಕಾದ ಔತಣ ಅವರು ಎಣಿಸಿದ್ದಕ್ಕಿಂತ ಚಿಕ್ಕದಾಗಿರುವ ಸಂಭವವೇ ಹೆಚ್ಚು. ಅದು ಮುಗಿದ ಮರುದಿನ ಅವನು ಗಟ್ಟಿಮುಟ್ಟಾಗಿ ಮನೆ ಸೇರಬೇಕು, ಹೊಳೆಯ ಬಂಡೆಯ ಮೇಲೆ ನೀರುನಾಯಿ ಎಂದಿನಂತೆ ಬಂದು ಮೈಯೊಣಗಿಸಿಕೊಳ್ಳಬೇಕು.